16 ಹಾಳೆಯಲ್ಲಿ ಮುಂಬಯಿಯ ವಿಮಾನ ಟಪಾಲು: ನನ್ನ ಅನುಭವ

ಅಂಚೆಚೀಟಿ ಪ್ರದರ್ಶನದಲ್ಲಿ ಒಂದು ಫ್ರೇಮ್ ಅಂದರೆ 16 ಹಾಳೆ. ಅಷ್ಟರಲ್ಲೇ ಕಥೆ ಶುರುವಾಗಬೇಕು, ಅಷ್ಟರಲ್ಲೇ ಮುಗಿಯಬೇಕು. ಬ್ರಿಟಿಷರ ಕಾಲದ ಮುಂಬಯಿಗೆ ವಿಮಾನದ ಟಪಾಲು ಹೇಗೆ ಬಂತು ಅನ್ನೋದನ್ನು ನಾನು ಒಂದು ಫ್ರೇಮ್‌ನಲ್ಲಿ ಜೋಡಿಸಿದ್ದೇನೆ. 1920ರಿಂದ 1938ರವರೆಗೆ. ಹೇಗೆ ಮಾಡಿದಿರಿ ಅಂತ ಕೇಳುವ ಗೆಳೆಯರು ಜಾಸ್ತಿಯಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಮುಂಬಯಿಯ ವಿಮಾನದ ಕಥೆ ಅಂದ ಕೂಡಲೇ ಎಲ್ಲರೂ ಹೇಳೋದು ಜೆ.ಆರ್.ಡಿ. ಟಾಟಾ ಟಪಾಲು ಹೊತ್ತು ಜುಹುವಿನಲ್ಲಿ ಇಳಿದ 1932ರ ಅಕ್ಟೋಬರ್ 15. ಅದು ಸರಿಯೇ. ಆದರೆ ಹಳೇ ಕವರ್‌ಗಳನ್ನು ತಿರುವಿ ಹಾಕಿ, ಹಿಂಬದಿಯ ಠಸ್ಸೆಗಳನ್ನು ಓದುತ್ತಾ ಹೋದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಹಡಗಿನ ಕಾಲದಲ್ಲಿ ದೇಶದ ಹೆಬ್ಬಾಗಿಲಾಗಿದ್ದ ಮುಂಬಯಿ, ವಿಮಾನ ಬಂದಾಗ ಪಕ್ಕಕ್ಕೆ ಸರಿಯಿತು. ಕರಾಚಿ ಮುಂದೆ ಬಂತು. ಟಾಟಾದವರ ವಿಮಾನ ಹಾರಿದ್ದೇ ಕರಾಚಿಗೆ ಬಂದು ಇಳಿಯುತ್ತಿದ್ದ ಟಪಾಲನ್ನು ಮುಂಬಯಿಗೂ ಮದ್ರಾಸಿಗೂ ತಲುಪಿಸೋಕೆ. ನನ್ನ ಫ್ರೇಮ್ ಹೇಳುವುದು ಇಷ್ಟೇ. ಇದಕ್ಕೆ ಹೊಂದದ ಕವರ್ ಎಷ್ಟೇ ಚೆಂದ ಇದ್ದರೂ ಹೊರಗಿಟ್ಟೆ.

ಹಾಗಾಗಿ ಮೊದಲ ಹಾಳೆಗಳಲ್ಲಿ ವಿಮಾನವೇ ಇಲ್ಲ! ಮುಂಬಯಿ ಬಂದರಿನ ಬಲಾರ್ಡ್ ಪಿಯರ್ ಧಕ್ಕೆಗೆ ಬಂದ ಹಡಗಿನ ಟಪಾಲು ಇದೆ. ಲಂಡನ್‌ನಿಂದ ಮುಂಬಯಿಗೆ ಆಗ ಸುಮಾರು ಎರಡು ವಾರ. ಹಡಗಿನ ಪಕ್ಕದಲ್ಲೇ ರೈಲು ನಿಂತಿರುತ್ತಿತ್ತು, ಚೀಲ ಇಳಿಸಿ ಅಲ್ಲೇ ಏರಿಸುತ್ತಿದ್ದರು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ರೈಲು ಪೇಶಾವರದವರೆಗೆ ಓಡುತ್ತಿತ್ತು. ಈ ಏರ್ಪಾಡು ಎಷ್ಟು ಬಿಗಿಯಾಗಿತ್ತು ಅಂತ ತೋರಿಸದೆ ವಿಮಾನ ಏನನ್ನು ಬದಲಿಸಿತು ಅಂತ ಹೇಳೋಕೆ ಆಗಲ್ಲ. ಮಾಟುಂಗಾದ ನನ್ನ ಗೆಳೆಯರೊಬ್ಬರು ಮೊದಲ ಕರಡು ನೋಡಿ, "ವಿಮಾನದ ಫ್ರೇಮ್ ಅಂತೀರಿ, ಹಡಗು ತೋರಿಸ್ತೀರಿ, ಇದೆಂಥದು ಮಾರಾಯ್ರೆ?" ಅಂದರು. ನಾನು ಆ ಹಾಳೆಗಳನ್ನು ಕದಲಿಸಲಿಲ್ಲ.

ಆಮೇಲೆ 1920. ಆ ವರ್ಷದ ಜನವರಿ 24ರಿಂದ ರಾಯಲ್ ಏರ್ ಫೋರ್ಸ್ ವಿಮಾನಗಳು ಮುಂಬಯಿ–ಕರಾಚಿ ನಡುವೆ ಪ್ರಯೋಗಕ್ಕಾಗಿ ಟಪಾಲು ಹೊತ್ತವು. ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಾಲ. ಕೆಲವೇ ವಾರ ನಡೆದು ನಿಂತುಹೋಯಿತು. ಇದರ ಅಸಲಿ ಕವರ್ ನನ್ನ ಕೈಗೆಟುಕುವ ಬೆಲೆಗೆ ಸಿಗಲಿಲ್ಲ. ಪ್ರದರ್ಶನದಲ್ಲಿ ಕಾಪಿ ಹಾಕಬಹುದು, ಆದರೆ ಮೂಲ ಅಂತ ಯಾರೂ ಭ್ರಮಿಸದ ಹಾಗೆ ಅದರ ಅಳತೆ ಮೂಲಕ್ಕಿಂತ ಕನಿಷ್ಠ ಕಾಲುಭಾಗ ಬೇರೆ ಇರಬೇಕು. ಹಾಗೇ ಚಿಕ್ಕದಾಗಿ ಹಾಕಿ, ಕೆಳಗೆ ಕಾಪಿ ಅಂತ ಸ್ಪಷ್ಟವಾಗಿ ಬರೆದೆ.

ಮುಂದಿನದು ಕರಾಚಿಯ ಭಾಗ. ಕೂತು ಕೆಲಸ ಮಾಡೋಕೆ ನನಗೆ ಅತಿ ಖುಷಿ ಕೊಟ್ಟದ್ದು ಇದು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್‌ನ ಕ್ರಾಯ್ಡನ್‌ನಿಂದ ಕರಾಚಿಗೆ ವಾರಕ್ಕೊಂದು ಸರ್ವಿಸ್ ಶುರುಮಾಡಿತು. ಪೂರ್ತಿ ವಿಮಾನ ಅಂದುಕೊಳ್ಳಬೇಡಿ. ಕ್ರಾಯ್ಡನ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ. ಅಲ್ಲಿಂದ ಇಟಲಿಯ ಜಿನೋವಾಗೆ ರೈಲು. ಜಿನೋವಾದಿಂದ ಅಲೆಕ್ಸಾಂಡ್ರಿಯಾಗೆ ನೀರಿನ ಮೇಲೆ ಇಳಿಯುವ ವಿಮಾನ. ಆಮೇಲೆ ಮೂರು ಎಂಜಿನ್ನಿನ ಡಿ ಹ್ಯಾವಿಲ್ಯಾಂಡ್ ಹರ್ಕ್ಯುಲಿಸ್‌ನಲ್ಲಿ ಬಾಸ್ರಾ ದಾಟಿ ಕರಾಚಿಗೆ. ಒಟ್ಟು ಸುಮಾರು ಒಂದು ವಾರ. ಹಡಗಿನ ಅರ್ಧ ಸಮಯ.

ಕರಾಚಿಯೇ ಯಾಕೆ? ನಕಾಶೆ ಎದುರಿಗಿಟ್ಟರೆ ಗೊತ್ತಾಗುತ್ತದೆ. ಆಗಿನ ವಿಮಾನ ಕೆಲವು ಗಂಟೆಗೊಮ್ಮೆ ಇಳಿಯಲೇಬೇಕು, ಪೆಟ್ರೋಲ್ ಹಾಕಿಸಿಕೊಳ್ಳಲೇಬೇಕು. ಪರ್ಷಿಯಾ ಕೊಲ್ಲಿಯ ದಡ ಹಿಡಿದು ಬಂದರೆ ಬ್ರಿಟಿಷ್ ಇಂಡಿಯಾದಲ್ಲಿ ಸಿಗುವ ಮೊದಲ ದೊಡ್ಡ ಬಂದರು ಕರಾಚಿ. ಮಳೆ ಕಡಿಮೆ, ನೆಲ ಗಟ್ಟಿ, ಡ್ರಿಗ್ ರೋಡ್‌ನಲ್ಲಿ ದೊಡ್ಡ ಬಯಲು. ಅಲ್ಲಿ ಆರ್-101 ಅನ್ನೋ ಬೃಹತ್ ಏರ್‌ಶಿಪ್‌ಗಾಗಿ (ಗ್ಯಾಸ್ ತುಂಬಿದ ಹಾರುವ ಹಡಗು) ಭಾರಿ ಹ್ಯಾಂಗರ್ ಕೂಡ ಕಟ್ಟಿ ಇಟ್ಟಿದ್ದರು. ಆ ಏರ್‌ಶಿಪ್ ಬರಲೇ ಇಲ್ಲ. 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಸುಟ್ಟುಹೋಯಿತು. ಹ್ಯಾಂಗರ್ ಮಾತ್ರ ಖಾಲಿ ನಿಂತಿತ್ತು, ಕರಾಚಿಯವರು ಕಾಲಾ ಛಪ್ರಾ ಅನ್ನುತ್ತಿದ್ದರು. ಕವರ್‌ಗೂ ಇದಕ್ಕೂ ನೇರ ಸಂಬಂಧ ಇಲ್ಲ, ಅದಕ್ಕೆ ಫ್ರೇಮ್‌ನಲ್ಲಿ ಇದಕ್ಕೆ ಒಂದು ಸಾಲು ಮಾತ್ರ. ಇಲ್ಲಿ ಹೇಳದೆ ಇರೋಕೆ ಆಗಲಿಲ್ಲ.

ಮುಂಬಯಿಯವರ ಪಾಡು ಏನಾಯಿತು ನೋಡಿ. 1929ರಿಂದ 1932ರ ನಡುವೆ ಮುಂಬಯಿಯಿಂದ ಲಂಡನ್‌ಗೆ ಏರ್‌ಮೇಲ್ ಕಳಿಸಬೇಕು ಅಂದರೆ ಕಾಗದ ಮೊದಲು ನೆಲದ ದಾರಿಯಲ್ಲಿ ಕರಾಚಿ ಸೇರಬೇಕು. ಕವರ್‌ನ ಮುಂಬದಿಯಲ್ಲಿ ನೀಲಿ ಏರ್‌ಮೇಲ್ ಚೀಟಿ, ವಿಮಾನದ ಚಿತ್ರದ ಸ್ಟ್ಯಾಂಪು. 1929ರಲ್ಲಿ ನಾಸಿಕ್‌ನಲ್ಲಿ ಅಚ್ಚಾದ ಆ ಸೆಟ್‌ನಲ್ಲಿ 2 ಆಣೆಯಿಂದ 12 ಆಣೆವರೆಗೆ ಆರು ಸ್ಟ್ಯಾಂಪುಗಳಿವೆ. ಹಿಂದೆ ತಿರುವಿದರೆ ತಾರೀಖುಗಳ ಲೆಕ್ಕ. ನನ್ನ ಹತ್ತಿರದ ಇಂಥ ಕವರ್‌ಗಳಿಗೆ ಒಂದೊಂದು ಪುಟ್ಟ ಪಟ್ಟಿ ಮಾಡಿದೆ: ಎಲ್ಲಿ ಯಾವಾಗ ಠಸ್ಸೆ ಬಿತ್ತು, ಎರಡು ಠಸ್ಸೆಗಳ ನಡುವೆ ಎಷ್ಟು ದಿನ, ಆ ದಿನಗಳು ಓಡಾಟಕ್ಕೆ ಹೋದದ್ದಾ, ಸುಮ್ನೆ ಕಾಯೋದಕ್ಕೆ ಹೋದದ್ದಾ. ವಾರಕ್ಕೊಂದೇ ವಿಮಾನ, ಅದು ತಪ್ಪಿತೆಂದರೆ ಮುಂದಿನ ವಾರದವರೆಗೆ ಕಾಗದ ಕರಾಚಿಯಲ್ಲೇ. ಈ ಪಟ್ಟಿಗಳೇ ಕೊನೆಗೆ ಹಾಳೆಗಳ ಕೆಳಗಿನ ಬರಹವಾದವು. ಹೊಸದಾಗಿ ಶುರುಮಾಡುವವರಿಗೆ ನಾನು ಮೊದಲು ಹೇಳೋದೂ ಇದನ್ನೇ. ಸ್ಟ್ಯಾಂಪು ನೋಡೋದು ಆಮೇಲೆ ಇದ್ದೇ ಇದೆ, ಮೊದಲು ತಾರೀಖು ಬರೆದುಕೊಳ್ಳಿ.

ಇನ್ನು 1932. ಕರಾಚಿಯ ಟಪಾಲನ್ನು ವಿಮಾನದಲ್ಲೇ ಮುಂಬಯಿ, ಮದ್ರಾಸಿಗೆ ತರುವ ಯೋಜನೆ ಮೊದಲು ಹೊಳೆದದ್ದು ನೆವಿಲ್ ವಿನ್ಸೆಂಟ್ ಅನ್ನೋ ಪೈಲಟ್‌ಗೆ. ರಾಯಲ್ ಏರ್ ಫೋರ್ಸ್‌ನಲ್ಲಿದ್ದವರು, ಇಲ್ಲಿ ಊರೂರಿಗೆ ಹೋಗಿ ಜನರನ್ನು ವಿಮಾನದಲ್ಲಿ ಕೂರಿಸಿ ಸುತ್ತಿಸುತ್ತಿದ್ದರು. ಟಾಟಾ ಕಂಪನಿಯ ಬಂಡವಾಳ 2 ಲಕ್ಷ ರೂಪಾಯಿ, ಎರಡು ಪುಸ್ ಮಾತ್ ವಿಮಾನ, ಜುಹುವಿನಲ್ಲಿ ಗರಿ ಹೊದಿಸಿದ ಒಂದು ಶೆಡ್. ಸರ್ಕಾರ ಸಬ್ಸಿಡಿ ಕೊಡಲಿಲ್ಲ, ಹೊತ್ತ ಟಪಾಲಿನ ತೂಕಕ್ಕೆ ತಕ್ಕಂತೆ ಹಣ. ಪುಸ್ ಮಾತ್ ಅಂದರೆ ಒಂದೇ ಎಂಜಿನ್ನಿನ ಪುಟ್ಟ ವಿಮಾನ, ರೇಡಿಯೋ ಇಲ್ಲ. ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್‌ನಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ಜುಹು ಮುಟ್ಟಿದರು. ಅಹಮದಾಬಾದಿಗೆ ಪೆಟ್ರೋಲ್ ಡಬ್ಬಗಳು ಎತ್ತಿನಗಾಡಿಯಲ್ಲಿ ಬಂದ ಕಥೆ ನೀವೂ ಕೇಳಿರಬಹುದು.

ಜುಹುವಿನಿಂದ ಮುಂದಕ್ಕೆ ವಿನ್ಸೆಂಟ್ ಹಾರಿದರು. ಆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಮರುದಿನ ಮದ್ರಾಸ್. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು, ಮುಂಬಯಿ–ಮದ್ರಾಸ್ ದಾರಿಯ ನಡುಮಧ್ಯೆ ಸಿಗುವ ಊರು. ಕೆಲವೇ ವರ್ಷಗಳಲ್ಲಿ ಅದರ ಬದಲು ಹೈದರಾಬಾದ್ ಬಂತು, ಬಳ್ಳಾರಿಯ ಹೆಸರು ವೇಳಾಪಟ್ಟಿಯಿಂದ ಹೋಯಿತು. ಅದಕ್ಕೇ ಬಳ್ಳಾರಿ ಠಸ್ಸೆ ಇರುವ ಕವರ್ ಮೇಲೆ ನನಗೆ ಕಣ್ಣು. ಬಹಳ ಕಾಲ ಸಿಗಲಿಲ್ಲ. ಕೊನೆಗೆ ಮುಂಬಯಿಯ ಫೋರ್ಟ್‌ನಲ್ಲಿ ಜಿಪಿಓ (ಪ್ರಧಾನ ಅಂಚೆ ಕಚೇರಿ) ಹತ್ತಿರ ಕೂರುವ ಒಬ್ಬ ಹಿರಿಯ ವ್ಯಾಪಾರಿಯ ಡಬ್ಬದಲ್ಲಿ ಒಂದು ಸಿಕ್ಕಿತು. ಹತ್ತಿ ವ್ಯಾಪಾರಿಯೊಬ್ಬರಿಗೆ ಬರೆದ ಕಾಗದ, ಅಂಚು ಹರಿದಿದೆ, ಮೂಲೆಯಲ್ಲಿ ಎಣ್ಣೆ ಕಲೆ. "ಗಲೀಜಾಗಿದೆ ಸಾಹೇಬ್, ಕಡಿಮೆಗೆ ತಗೊಳ್ಳಿ" ಅಂದರು ಅವರು. ನಾನು ಮುಖ ಗಂಟಿಕ್ಕಿಕೊಂಡೇ ತಗೊಂಡೆ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಮೊದಲ ಹಾರಾಟದ ದಿನ ಸಂಗ್ರಹಕಾರರೇ ತಮ್ಮ ತಮ್ಮ ವಿಳಾಸಕ್ಕೆ ಹಾಕಿಕೊಂಡ ಕವರ್‌ಗಳು ಬೇಕಾದಷ್ಟಿವೆ. ಚೊಕ್ಕವಾಗಿರುತ್ತವೆ, ಒಳಗೆ ಕಾಗದ ಇರೋದಿಲ್ಲ. ಒಂದೆರಡು ಇರಲಿ, ಸಾಕು. ಆ ಸೇವೆ ಬದುಕಿದ್ದು ಅವುಗಳಿಂದಲ್ಲ. ಬ್ಯಾಂಕು, ಹತ್ತಿ, ಹುಂಡಿ (ವ್ಯಾಪಾರಿಗಳ ಹಣ ಪಾವತಿಯ ಪತ್ರ) ವ್ಯವಹಾರದವರು ಜಾಸ್ತಿ ಕಾಸು ಕೊಟ್ಟು ಕಾಗದ ಕಳಿಸಿದ್ದರಿಂದ. ಹುಂಡಿಯೊಂದು ನಾಲ್ಕು ದಿನ ಮೊದಲೇ ತಲುಪಿದರೆ ನಾಲ್ಕು ದಿನದ ಬಡ್ಡಿ ಉಳಿಯಿತು ಅಲ್ವಾ? ಮೊದಲ ವರ್ಷ ಟಾಟಾ ವಿಮಾನಗಳು 1.6 ಲಕ್ಷ ಮೈಲಿ ಹಾರಿ ಹತ್ತು ಟನ್ನಿಗಿಂತ ಸ್ವಲ್ಪ ಹೆಚ್ಚು ಟಪಾಲು ಹೊತ್ತವು. ಪ್ರಯಾಣಿಕರು ಬರೀ 155. ಲಾಭ 60,000 ರೂಪಾಯಿ. ಯಾರ ದುಡ್ಡಿನಿಂದ ನಡೆಯಿತು ಅಂತ ಈ ಅಂಕಿಗಳೇ ಹೇಳುತ್ತವೆ. ಎಣ್ಣೆ ಕಲೆಯ ಕವರ್ ನನ್ನ ಫ್ರೇಮ್‌ನ ನಟ್ಟನಡುವೆ ಕೂತಿರೋದು ಇದಕ್ಕೇ.

ಮಳೆಗಾಲಕ್ಕೂ ಒಂದು ಹಾಳೆ ಕೊಟ್ಟಿದ್ದೇನೆ. ಜುಹು ಬಯಲು ಸಮುದ್ರದ ಪಕ್ಕದ ಕೆಸರು ನೆಲ. ಜೂನ್ ಬಂದರೆ ನೀರು ನಿಂತು ವಿಮಾನ ಇಳಿಸೋಕೆ ಆಗುತ್ತಿರಲಿಲ್ಲ. ಅದಕ್ಕೆ ಟಾಟಾದವರು ಮಳೆಗಾಲ ಮುಗಿಯುವವರೆಗೆ ಪುಣೆಯ ಯೆರವಡಾಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಮುಂಬಯಿಯ ವಿಮಾನ ಮುಂಬಯಿಯಲ್ಲೇ ಇಳಿಯುತ್ತಿರಲಿಲ್ಲ! ಟಪಾಲು ಘಾಟಿ ಇಳಿದು ಬರಬೇಕು. ಒಂದು ಜುಲೈ ಕವರ್, ಒಂದು ನವೆಂಬರ್ ಕವರ್ ಅಕ್ಕಪಕ್ಕ ಇಟ್ಟು ಕೆಳಗೆ ಎರಡೇ ಸಾಲು ಬರೆದೆ. ನೋಡಲು ಬಂದವರು ಜಾಸ್ತಿ ಹೊತ್ತು ನಿಂತದ್ದು ಈ ಹಾಳೆಯ ಮುಂದೆ. ಮುಂಬಯಿಯ ಮಳೆ ಎಲ್ಲರಿಗೂ ಗೊತ್ತಲ್ಲ.

ನಕಲಿಯ ವಿಷಯ ಹೇಳಲೇಬೇಕು. ಹಳೇ ಮಾಮೂಲಿ ಕವರ್ ತಗೊಂಡು, ಮೇಲೆ ಮೊದಲ ಹಾರಾಟದ ರಬ್ಬರ್ ಮುದ್ರೆ ಹೊಡೆದು ಮಾರುತ್ತಾರೆ. ನಾನು ನೋಡುವ ಕ್ರಮ ಹೀಗೆ. ಮೊದಲು ಸ್ಟ್ಯಾಂಪುಗಳ ಇಸವಿ: ಐದನೇ ಜಾರ್ಜ್ ದೊರೆಯ 1935ರ ಬೆಳ್ಳಿಹಬ್ಬದ ಸ್ಟ್ಯಾಂಪು 1932ರ ಕವರ್ ಮೇಲೆ ಇರೋಕೆ ಸಾಧ್ಯವಿಲ್ಲ, ಆದರೂ ಇಂಥವು ಮಾರಾಟಕ್ಕೆ ಬರುತ್ತವೆ. ಆಮೇಲೆ ತಲುಪಿದ ಊರಿನ ಠಸ್ಸೆ ಇದೆಯಾ, ಅದರ ತಾರೀಖು ವಿಮಾನದ ದಿನಕ್ಕೆ ಹೊಂದುತ್ತದಾ ಅಂತ. ಕೊನೆಗೆ ಭೂತಗನ್ನಡಿ ಹಿಡಿದು, ಮುದ್ರೆಯ ಶಾಯಿ ಮಡಿಕೆಯ ಬಿರುಕಿನೊಳಗೆ ಇಳಿದಿದೆಯಾ ಅಂತ. ಕಾಗದ ಹಳೆಯದಾಗಿ ಮಡಿಕೆ ಒಡೆದ ಮೇಲೆ ಹೊಡೆದ ಮುದ್ರೆಯ ಶಾಯಿ ಬಿರುಕಿನಲ್ಲಿ ಹರಡಿರುತ್ತದೆ. ಅಲ್ಟ್ರಾವಯಲೆಟ್ ದೀಪ ಇದ್ದರೆ ಅನುಕೂಲ. ಆದರೆ ಮೊದಲ ಎರಡರಲ್ಲೇ ಮುಕ್ಕಾಲು ಪಾಲು ಸಿಕ್ಕಿಬೀಳುತ್ತವೆ.

ಹಾಳೆ ಕಟ್ಟುವುದರ ಬಗ್ಗೆ ಎರಡು ಮಾತು. ಅಂಟು ಮುಟ್ಟಿಸಬೇಡಿ, ಮೂಲೆಗೆ ಪಾರದರ್ಶಕ ಕಾರ್ನರ್ ಹಾಕಿ. ಆಸಿಡ್ ಇಲ್ಲದ ಕಾಗದ ತಗೊಳ್ಳಿ, ಮುಂಬಯಿಯ ತೇವಕ್ಕೆ ಮಾಮೂಲಿ ಕಾಗದ ಬೇಗ ಹಳದಿಯಾಗುತ್ತದೆ. ಹಿಂಬದಿಯ ಠಸ್ಸೆಯನ್ನು ಸ್ಕ್ಯಾನ್ ಮಾಡಿ ಚಿಕ್ಕದಾಗಿ ಕವರ್ ಕೆಳಗೆ ಹಾಕಿ. ಬಣ್ಣಬಣ್ಣದ ಬಾರ್ಡರ್ ಬೇಡ. ಪ್ರದರ್ಶನದಲ್ಲಿ ತೀರ್ಪು ಕೊಡುವ ಜ್ಯೂರಿಯವರ 100 ಅಂಕದಲ್ಲಿ ಅಂದಚಂದಕ್ಕೆ ಇರೋದು 5. ಜ್ಞಾನ ಮತ್ತು ಸಂಶೋಧನೆಗೆ 35. ನಮ್ಮವರು ಆ ಐದಕ್ಕಾಗಿ ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ!

ಕೊನೆಯ ಹಾಳೆ 1938. ಆ ವರ್ಷದ ಫೆಬ್ರವರಿಯಲ್ಲಿ ಎಂಪೈರ್ ಏರ್‌ಮೇಲ್ ಯೋಜನೆ ಇಲ್ಲಿಗೆ ಬಂತು. ಬ್ರಿಟನ್‌ನಿಂದ ಅರ್ಧ ಔನ್ಸ್ ಕಾಗದಕ್ಕೆ ಒಂದೂವರೆ ಪೆನ್ನಿ, ಅಷ್ಟಕ್ಕೇ ವಿಮಾನ. ಜಾಸ್ತಿ ದರ ಇಲ್ಲ. ಟಾಟಾ ವಿಮಾನ ಕರಾಚಿಯಿಂದ ಕೊಲಂಬೋವರೆಗೆ ಹಾರತೊಡಗಿತು. ಆರನೇ ಜಾರ್ಜ್ ಸ್ಟ್ಯಾಂಪುಗಳ ಸರಣಿಯಲ್ಲಿ ಅಂಚೆ ಓಟಗಾರ, ಎತ್ತಿನಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ ಎಲ್ಲ ಬಂದು, 12 ಆಣೆಯದರ ಮೇಲೆ ವಿಮಾನ ಇದೆ. ಅದೊಂದು, ಪಕ್ಕದಲ್ಲಿ ಒಂದೂವರೆ ಪೆನ್ನಿ ಸ್ಟ್ಯಾಂಪಿನ ಒಂದು ಸಾದಾ ಕವರ್. ವಿಮಾನದಲ್ಲೇ ಬಂದದ್ದು, ಆದರೆ ಅದಕ್ಕೆ ಅಂತ ಬೇರೆ ದುಡ್ಡಿಲ್ಲ. ಯಾರು ಜಾಸ್ತಿ ಕೊಟ್ಟು ಕಳಿಸಿದರು ಅಂತ ಕವರ್ ನೋಡಿ ಹೇಳುವ ಆಟ ಅಲ್ಲಿಗೆ ಮುಗಿಯಿತು. ಅದಕ್ಕೇ ಫ್ರೇಮ್ ಅನ್ನೂ ಅಲ್ಲಿಗೇ ನಿಲ್ಲಿಸಿದೆ.

ಈಗ ಎರಡನೇ ಫ್ರೇಮ್‌ಗೆ ಕೈ ಹಾಕಿದ್ದೇನೆ. 1935ರಲ್ಲಿ ಟಾಟಾದವರು ಮುಂಬಯಿಯಿಂದ ಗೋವಾ, ಕಣ್ಣೂರು ದಾರಿಯಾಗಿ ತಿರುವನಂತಪುರಕ್ಕೆ ಸೇವೆ ಶುರುಮಾಡಿದರು. ಮಂಗಳೂರು ಕಡೆಯ ಕಾಗದ ಯಾವುದಾದರೂ ಕಣ್ಣೂರಿಗೆ ಹೋಗಿ ಆ ವಿಮಾನ ಹತ್ತಿತ್ತಾ ಅಂತ ಹುಡುಕುತ್ತಿದ್ದೇನೆ. ಮಂಗಳೂರು, ಉಡುಪಿ ಕಡೆ ಹಳೇ ಮನೆಯ ಅಟ್ಟದಲ್ಲಿ ಆ ಕಾಲದ ಕಾಗದದ ಕಟ್ಟು ಇದ್ದರೆ ದಯವಿಟ್ಟು ಸ್ಟ್ಯಾಂಪು ಕತ್ತರಿಸಿ ತೆಗೆಯಬೇಡಿ, ನೀರಲ್ಲಿ ನೆನೆಸಬೇಡಿ. ಕವರ್ ಇಡಿಯಾಗಿ ಇರಲಿ. ಎರಡೂ ಬದಿಯ ಫೋಟೋ ತೆಗೆದಿಟ್ಟರೆ ಸಾಕು, ತಾರೀಖು ಓದೋದು ನಾನು ಮಾಡಿಕೊಡುತ್ತೇನೆ.