ಸ್ನೇಹಿತರಿಬ್ಬರು ಮೊದಲ ಬಾರಿ ಮುಂಬಯಿಗೆ ಹೋಗುವಾಗ

ಮುಂಬಯಿಯಲ್ಲಿ ಏನೇನು ನೋಡಬೇಕೆಂಬ ಪಟ್ಟಿ ಮಾಡುವ ಮೊದಲು ಇಬ್ಬರೂ ಕೂತು ತೀರ್ಮಾನಿಸಿಕೊಳ್ಳಬೇಕಾದ ವಿಷಯ ಒಂದಿದೆ: ಜನಜಂಗುಳಿಯಲ್ಲಿ ಬೇರೆಬೇರೆಯಾದರೆ ಏನು ಮಾಡುವುದು? ಆ ನಗರದ ಓಡಾಟ ಬಹುಪಾಲು ಲೋಕಲ್ ರೈಲನ್ನೇ ನಂಬಿದೆ. ಗಾಡಿ ನಿಲ್ದಾಣದಲ್ಲಿ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲಿ ಒಬ್ಬರು ಹತ್ತಿ ಇನ್ನೊಬ್ಬರು ಪ್ಲಾಟ್‌ಫಾರಂನಲ್ಲೇ ಉಳಿದುಬಿಡುವ ಸಾಧ್ಯತೆ ಇದ್ದೇ ಇರುತ್ತದೆ.

ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯುವುದು ಸರಿಯೆಂದು ತೋರಬಹುದು. ಆದರೆ ಸ್ಲೋ ಗಾಡಿಗಳು ಎಲ್ಲ ನಿಲ್ದಾಣಗಳಲ್ಲೂ, ಫಾಸ್ಟ್ ಗಾಡಿಗಳು ಆಯ್ದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವುದರಿಂದಲೂ ಅವುಗಳ ಪ್ಲಾಟ್‌ಫಾರಂಗಳು ಸಾಮಾನ್ಯವಾಗಿ ಬೇರೆಯಾಗಿರುವುದರಿಂದಲೂ ಆ ಉಪಾಯ ಗೊಂದಲವನ್ನೇ ಹೆಚ್ಚಿಸುತ್ತದೆ. ಇಬ್ಬರೂ ತಮ್ಮ ಪಾಡಿಗೆ ತಾವು ಇಳಿಯಬೇಕಾದ ನಿಲ್ದಾಣವನ್ನೇ ತಲುಪಿ, ಅಲ್ಲಿನ ಟಿಕೆಟ್ ಕೌಂಟರಿನ ಮುಂದೆ ಕಾಯುವುದೆಂದು ಮೊದಲೇ ಒಪ್ಪಿಕೊಳ್ಳುವುದು ಮೇಲು. ಇದಕ್ಕಾಗಿ ಪ್ರತಿಯೊಬ್ಬರ ಬಳಿಯೂ ಬೇರೆ ಟಿಕೆಟ್, ಸ್ವಲ್ಪ ನಗದು ಮತ್ತು ತಂಗುವ ಜಾಗದ ವಿಳಾಸ ಬರೆದಿಟ್ಟ ಚೀಟಿ ಇರಬೇಕು. ಓಡುವ ಗಾಡಿಯನ್ನು ಹತ್ತುವ, ಓಡುವ ಗಾಡಿಯಿಂದ ಇಳಿಯುವ ಸಾಹಸವನ್ನು ಯಾರೂ ಯಾವ ಕಾರಣಕ್ಕೂ ಮಾಡಕೂಡದು.

ಲೋಕಲ್ ಮಾರ್ಗಗಳನ್ನು ಅರಿತುಕೊಳ್ಳುವುದು ಕಷ್ಟವಲ್ಲ. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ಅಂಧೇರಿ, ಬೊರಿವಲಿ, ವಿರಾರ್ ಕಡೆಗೂ, ಮಧ್ಯ ಮಾರ್ಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅಂದರೆ ಸಿಎಸ್‌ಎಂಟಿಯಿಂದ ಠಾಣೆ, ಕಲ್ಯಾಣ ಕಡೆಗೂ, ಹಾರ್ಬರ್ ಮಾರ್ಗ ಕುರ್ಲಾ ಹಾದು ಪನ್ವೇಲ್ ಕಡೆಗೂ ಹೋಗುತ್ತದೆ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ದಾದರ್‌ನಲ್ಲಿ ಕೂಡುತ್ತವೆ. ಪ್ಲಾಟ್‌ಫಾರಂನ ಇಂಡಿಕೇಟರ್‌ನಲ್ಲಿ ಗಾಡಿಯ ಕೊನೆಯ ನಿಲ್ದಾಣ, ಹೊರಡುವ ಸಮಯ, ಸ್ಲೋ ಅಥವಾ ಫಾಸ್ಟ್ ಎಂಬ ಗುರುತು ಕಾಣುತ್ತವೆ. ಫಸ್ಟ್ ಕ್ಲಾಸ್ ಡಬ್ಬಿಗೆ ಬೇರೆ ಟಿಕೆಟ್ ಬೇಕು. ಅದಿಲ್ಲದೆ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ. ಬೆಳಿಗ್ಗೆ ದಕ್ಷಿಣದ ಕಡೆಗೆ, ಸಂಜೆ ಉತ್ತರದ ಕಡೆಗೆ ನೂಕುನುಗ್ಗಲು ವಿಪರೀತವಾಗಿರುವುದರಿಂದ, ನೋಡಲು ಬಂದವರು ಹನ್ನೊಂದು ಗಂಟೆಯ ನಂತರ ಹೊರಟು ಸಂಜೆ ಐದರೊಳಗೆ ಮರಳುವುದು ಒಳ್ಳೆಯದು. ಇಳಿಯುವ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಯಾವ ಬದಿಗೆ ಬರುತ್ತದೆಂದು ಪಕ್ಕದಲ್ಲಿದ್ದವರನ್ನು ಮೊದಲೇ ಕೇಳಿ, ಒಂದು ನಿಲ್ದಾಣ ಇರುವಾಗಲೇ ಬಾಗಿಲ ಬಳಿಗೆ ಸರಿದುಕೊಳ್ಳಬೇಕು. ಅಪರಿಚಿತರನ್ನು ಕೇಳಲು ಸಂಕೋಚ ಬೇಡ. ಮುಂಬಯಿಯ ಜನ ಅವಸರದಲ್ಲಿದ್ದರೂ ದಾರಿ ಹೇಳದೆ ಹೋಗುವವರಲ್ಲ.

ಮೊದಲ ದಿನವನ್ನು ದಕ್ಷಿಣ ಮುಂಬಯಿಯಲ್ಲಿ ನಡೆದೇ ಕಳೆಯಬೇಕೆಂಬುದು ನನ್ನ ಆಗ್ರಹ. 1888ರಲ್ಲಿ ಪೂರ್ಣಗೊಂಡ ಸಿಎಸ್‌ಎಂಟಿ ಕಟ್ಟಡವನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ನಿಧಾನವಾಗಿ ನೋಡಿ, ಫೋರ್ಟ್ ಪ್ರದೇಶದ ಮೂಲಕ ಓವಲ್ ಮೈದಾನಕ್ಕೆ ಬನ್ನಿ. ಅಲ್ಲಿ ಪೂರ್ವಕ್ಕೆ ಹೈಕೋರ್ಟ್ ಮತ್ತು ರಾಜಾಬಾಯಿ ಗಡಿಯಾರ ಗೋಪುರವಿರುವ, ಚೂಪು ಕಮಾನುಗಳ ಗೋಥಿಕ್ ಶೈಲಿಯ ಕಟ್ಟಡಗಳ ಸಾಲು, ಪಶ್ಚಿಮಕ್ಕೆ ಸರಳ ಜ್ಯಾಮಿತೀಯ ರೇಖೆಗಳ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು ಎದುರುಬದುರಾಗಿ ನಿಂತಿವೆ. ಇವೆರಡೂ ಸೇರಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮರುದಿನ ಗೇಟ್‌ವೇ ಆಫ್ ಇಂಡಿಯಾದ ಬಳಿಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದೂರದ ಎಲಿಫೆಂಟಾ ಗುಹೆಗಳಿಗೆ ಹೋಗಬಹುದು. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿಗಳು ಹೊರಡುವುದಿಲ್ಲ.

ಒಬ್ಬರಿಗೆ ವಸ್ತುಸಂಗ್ರಹಾಲಯ, ಇನ್ನೊಬ್ಬರಿಗೆ ಕ್ರಾಫರ್ಡ್ ಮಾರ್ಕೆಟ್ ಇಷ್ಟವಾದರೆ, ಅರ್ಧ ದಿನ ಬೇರೆಬೇರೆಯಾಗಿ ಸುತ್ತಿ ಊಟದ ಹೊತ್ತಿಗೆ ಕೂಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮನಸ್ಸಿಲ್ಲದೆ ಹಿಂಬಾಲಿಸುವುದರಿಂದಲೇ ಪ್ರವಾಸಗಳಲ್ಲಿ ಮುನಿಸು ಹುಟ್ಟುತ್ತದೆ. ಕೂಡಿಕೊಳ್ಳಲು ಮಾಟುಂಗಾ ತಕ್ಕ ಜಾಗ. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ, ಮೈಸೂರು ಅಸೋಸಿಯೇಷನ್ ಇರುವ ಆ ಬಡಾವಣೆಯ ಉಡುಪಿ ಊಟದ ಮನೆಗಳಲ್ಲಿ ಊರಿನ ರುಚಿಯೂ ಕನ್ನಡದ ಮಾತೂ ಸಿಗುತ್ತವೆ. ಫಾಸ್ಟ್ ಗಾಡಿಯಲ್ಲಿ ಬಂದವರು ದಾದರ್‌ನಲ್ಲಿ ಇಳಿದು ಮಧ್ಯ ಮಾರ್ಗದಲ್ಲಿ ಠಾಣೆ ಕಡೆಗೆ ಹೋಗುವ ಸ್ಲೋ ಗಾಡಿ ಹಿಡಿದರೆ ಮುಂದಿನ ನಿಲ್ದಾಣವೇ ಮಾಟುಂಗಾ.

ಮರಳುವಾಗ ಟಿಕೆಟ್‌ನಲ್ಲಿರುವ ನಿಲ್ದಾಣದ ಹೆಸರನ್ನು ಇಬ್ಬರೂ ಓದಿಕೊಳ್ಳಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಯಿಂದ ಹೊರಟರೆ, ಮಂಗಳೂರಿನ ಮತ್ಸ್ಯಗಂಧ ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುತ್ತದೆ. ದಕ್ಷಿಣ ಮುಂಬಯಿಯಲ್ಲಿ ಆಟೊರಿಕ್ಷಾಗಳಿಗೆ ಪ್ರವೇಶವಿಲ್ಲದ ಕಾರಣ, ಅಲ್ಲಿ ತಂಗಿದವರು ಸಾಮಾನು ಸಮೇತ ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ, ಗಾಡಿಯ ಸಮಯಕ್ಕೆ ಎರಡು ಗಂಟೆ ಮೊದಲೇ ಹೊರಡಬೇಕು.