ಒಂದು ತುಂಡು ಸೀಮೆಸುಣ್ಣ, ನಾಲ್ಕು ಟೈರು: ಫೋರ್ ವೀಲ್ ಡ್ರೈವ್ ಕಾರಿನಲ್ಲಿ ಜೋಡಿ ತಪ್ಪಿದ ಟೈರ್ ಹಿಡಿಯುವುದು ಹೇಗೆ?

ನನ್ನ ಚಿಕ್ಕಪ್ಪನ ಮಗ ಆಕ್ಲೆಂಡ್‌ನಲ್ಲಿದ್ದಾನೆ. ಅವನ ಹತ್ತಿರ ಒಂದು ಹಳೆಯ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಇದೆ. ಜಪಾನಿನಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರುಗಳು ನ್ಯೂಜಿಲೆಂಡಿಗೆ ಹಡಗು ತುಂಬಾ ಬರುತ್ತವೆ, ಅದರಲ್ಲೊಂದು. ಕಳೆದ ವರ್ಷ ಒಂದಿನ ಫೋನ್ ಮಾಡಿದ. "ಅಣ್ಣಾ, ಅರ್ಧ ಗಂಟೆ ಓಡಿಸಿದ ಮೇಲೆ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಕಾರು ಕುಪ್ಪಳಿಸುತ್ತೆ. ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ." ಗೇರ್‌ಬಾಕ್ಸ್ ಹೋಯಿತು ಅಂತ ಹೆದರಿದ್ದ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಇತ್ತೀಚೆಗೆ ಟೈರ್ ಏನಾದ್ರೂ ಬದಲಾಯಿಸಿದ್ಯಾ?"

"ಹೂಂ, ಹಿಂದಿನ ಬಲಗಡೆದು ಒಂದು. ಗಾಜು ಹೊಕ್ಕು ಹರಿದು ಹೋಗಿತ್ತು. ಆದ್ರೆ ಸೈಜ್ ಅದೇ, ಕಂಪನಿನೂ ಅದೇ."

ಅಲ್ಲೇ ಇರೋದು ಎಡವಟ್ಟು. ಟೈರಿನ ಮೇಲೆ ಬರೆದಿರುವ ಸೈಜ್ ಅದು ಹೊಸದಾಗಿದ್ದಾಗಿನ ಸೈಜ್. ಕಾರಿಗೆ ಬೇಕಿರುವುದು ಆ ಟೈರು ಇವತ್ತು, ಈ ಭಾರ ಹೊತ್ತು, ಒಂದು ಸುತ್ತು ಹಾಕಿದರೆ ಎಷ್ಟು ದೂರ ಹೋಗುತ್ತದೆ ಅನ್ನುವ ಲೆಕ್ಕ.

ಅವನ ಕಾರಿನ ಟೈರು 205/55 ಆರ್16 (205 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ 55 ಪರ್ಸೆಂಟ್, ರಿಮ್ 16 ಇಂಚು). ಹೊಸದರ ಸುತ್ತಳತೆ ಸುಮಾರು 1985 ಮಿ.ಮೀ. ಹೊಸ ಟೈರಿನ ಟ್ರೆಡ್, ಅಂದರೆ ನೆಲ ಮುಟ್ಟುವ ಭಾಗದ ಗೀರುಗಳು, ಸುಮಾರು 8 ಮಿ.ಮೀ. ಆಳ ಇರುತ್ತದೆ. ಉಳಿದ ಮೂರು ಟೈರು ಸವೆದು 3 ಮಿ.ಮೀ.ಗೆ ಬಂದಿದ್ದವು. ಐದು ಮಿ.ಮೀ. ತಾನೇ ಅನ್ನಿಸುತ್ತದೆ. ಆದರೆ ಸುತ್ತಳತೆಯಲ್ಲಿ ಅದು 31 ಮಿ.ಮೀ. ಆಗುತ್ತದೆ. ಕಿಲೋಮೀಟರಿಗೆ ಹೊಸ ಟೈರು 504 ಸುತ್ತು ಹಾಕಿದರೆ ಹಳೆಯದು 512 ಸುತ್ತು ಹಾಕುತ್ತದೆ. ನೂರು ಕಿ.ಮೀ. ಹೋಗುವಷ್ಟರಲ್ಲಿ 800 ಸುತ್ತು ಹೆಚ್ಚುಕಮ್ಮಿ.

ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಸಂಬಂಧವೇ ಇಲ್ಲ. ಎಂಟು ಸುತ್ತು ಜಾಸ್ತಿ ತಿರುಗಿದರೆ ತಿರುಗಲಿ ಬಿಡಿ. ಫೋರ್ ವೀಲ್ ಡ್ರೈವ್‌ನಲ್ಲಿ ಹಾಗಲ್ಲ. ಮುಂದೆ ಹಿಂದೆ ಎರಡನ್ನೂ ನಡುವೆ ಒಂದು ಡಿಫರೆನ್ಷಿಯಲ್ಲೋ (ಎರಡು ಕಡೆಯ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಕ್ಲಚ್ಚೋ ಕಟ್ಟಿಹಾಕಿರುತ್ತದೆ. ತಿರುವಿನಲ್ಲಿ ಮಾತ್ರ ಬರಬೇಕಾದ ವೇಗದ ವ್ಯತ್ಯಾಸ ನೇರ ರಸ್ತೆಯಲ್ಲೂ ದಿನವಿಡೀ ಬಂದರೆ ಅದಕ್ಕೆ ಬಿಡುವೇ ಇಲ್ಲ. ಮ್ಯಾನ್ಯುವಲ್ ಗೇರಿನ ಈ ಡಬ್ಲ್ಯುಆರ್‌ಎಕ್ಸ್‌ನಲ್ಲಿ ನಡುವಿನ ಡಿಫರೆನ್ಷಿಯಲ್ ಜೊತೆ ಸಿಲಿಕೋನ್ ದ್ರವ ತುಂಬಿದ ಒಂದು ಡಬ್ಬಿ ಇದೆ. ಒಳಗಿನ ಬಿಲ್ಲೆಗಳು ಬೇರೆ ಬೇರೆ ವೇಗದಲ್ಲಿ ತಿರುಗಿದರೆ ದ್ರವ ಬಿಸಿಯಾಗಿ ಬಿಗಿಯಾಗುತ್ತದೆ. ಅರ್ಧ ಗಂಟೆ ಆದ ಮೇಲೆ ಕುಪ್ಪಳಿಸಲು ಶುರುವಾಗಿದ್ದು ಅದಕ್ಕೇ.

ಕಂಪ್ಯೂಟರ್‌ಗೆ ಸುಳ್ಳು ಹೇಳುವ ಟೈರು

ಹ್ಯಾಂಡ್ಲಿಂಗ್ ಹೇಗೆ ಕೆಡುತ್ತದೆ ಅಂತ ತಿಳಿಯಲು ನನಗಿಷ್ಟದ ಉದಾಹರಣೆ ನಿಸಾನ್ ಸ್ಕೈಲೈನ್ ಜಿಟಿ-ಆರ್, 1989ರಲ್ಲಿ ಬಂದ ಆರ್32. ಜಪಾನಿನ ಟೂರಿಂಗ್ ಕಾರ್ ರೇಸ್‌ಗಳಲ್ಲಿ 1990ರಿಂದ 1993ರವರೆಗೆ 29ಕ್ಕೆ 29 ಗೆದ್ದ ಕಾರು ಇದು. ಮಾಮೂಲಿ ಓಟದಲ್ಲಿ ಇದು ಹಿಂದಿನ ಚಕ್ರದ ಕಾರು. ಹಿಂದಿನ ಚಕ್ರ ಮುಂದಿನದಕ್ಕಿಂತ ಜೋರಾಗಿ ತಿರುಗುತ್ತಿದೆ ಅಂತ ಸೆನ್ಸರ್ ಹೇಳಿದರೆ 'ಓಹೋ, ಹಿಂದೆ ಜಾರುತ್ತಿದೆ' ಅಂತ ಕಂಪ್ಯೂಟರ್ ತಿಳಿಯುತ್ತದೆ. ಕ್ಲಚ್ ಒತ್ತಿ ಮುಂದಕ್ಕೂ ಶಕ್ತಿ ಕಳಿಸುತ್ತದೆ, ಅರ್ಧದವರೆಗೂ.

ಈಗ ಹಿಂದಿನ ಎರಡು ಟೈರು ಸವೆದು ಚಿಕ್ಕದಾಗಿವೆ, ಮುಂದೆ ಹೊಸದು ಅಂದುಕೊಳ್ಳಿ. ಹಿಂದಿನವು ಯಾವಾಗಲೂ ಜೋರಾಗಿಯೇ ತಿರುಗುತ್ತವೆ. ಏನೂ ಜಾರದಿದ್ದರೂ ಕಂಪ್ಯೂಟರ್ ಜಾರಿತು ಅಂದುಕೊಂಡು ಮುಂದಕ್ಕೆ ಶಕ್ತಿ ತಳ್ಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರ ಹೋಗಲು ನೋಡುತ್ತದೆ. ಕ್ಲಚ್ಚಂತೂ ಸುಮ್ನೆ ಬಿಸಿಯಾಗುತ್ತಿರುತ್ತದೆ.

ಇದನ್ನು ತಿರುಗಿಸಿ, ಮುಂದಿನವು ಸವೆದಿವೆ ಅಂದುಕೊಳ್ಳಿ. ನನ್ನ ಲೆಕ್ಕದಲ್ಲಿ ಜಾಸ್ತಿ ಅಪಾಯ ಇದೇ. ಮುಂದಿನವು ಮೊದಲೇ ಜೋರಾಗಿ ತಿರುಗುತ್ತಿರುವುದರಿಂದ ಹಿಂದಿನವು ನಿಜವಾಗಿ ಜಾರಲು ಶುರುವಾದರೂ ಲೆಕ್ಕದಲ್ಲಿ ಕಾಣುವುದಿಲ್ಲ. ಕಂಪ್ಯೂಟರ್ ಎಚ್ಚರವಾಗುವಷ್ಟರಲ್ಲಿ ಹಿಂಭಾಗ ಹೊರಗೆ ಸರಿದಿರುತ್ತದೆ. ಆಮೇಲೆ ಧಡಕ್ಕನೆ ಮುಂದಕ್ಕೆ ಶಕ್ತಿ ಬರುತ್ತದೆ. ಒಂದೇ ತಿರುವಿನಲ್ಲಿ ಕಾರು ಎರಡು ಸ್ವಭಾವ ತೋರಿಸಿದರೆ ಎಂಥ ಡ್ರೈವರ್‌ಗೂ ಕಷ್ಟ. ಮಳೆ ಇದ್ದರೆ ಹೇಳುವುದೇ ಬೇಡ.

ಕಂಪನಿ ಬೇರೆ ಬೇರೆ ಆದರೆ? ಸುತ್ತಳತೆ ಒಂದೇ ಇದ್ದರೂ ರಬ್ಬರಿನ ಹಿಡಿತ, ಪಕ್ಕದ ಗೋಡೆಯ ಬಿಗಿ ಬೇರೆ ಇರುತ್ತದೆ. ಮುಂದೆ ಅಂಟುವ ಟೈರು, ಹಿಂದೆ ಗಟ್ಟಿ ಟೈರು ಹಾಕಿದರೆ ಬಾಲ ಜಾರುತ್ತದೆ. ಅದಲು ಬದಲಾದರೆ ಮೂತಿ ಜಾರುತ್ತದೆ. ಎಡಕ್ಕೊಂದು ಬಲಕ್ಕೊಂದು ಇದ್ದರೆ ಬ್ರೇಕ್ ಹಾಕಿದಾಗ ಪಕ್ಕಕ್ಕೆ ಎಳೆಯುತ್ತದೆ. ಇದು ಎಲ್ಲ ಕಾರಿಗೂ ಇರುವ ಕಾಯಿಲೆ. ಸುತ್ತಳತೆಯ ಕಾಯಿಲೆ ಮಾತ್ರ ಫೋರ್ ವೀಲ್ ಡ್ರೈವ್‌ಗೆ ವಿಶೇಷ.

ಸರಿ, ಪರೀಕ್ಷೆ ಮಾಡೋಣ. ಬೇಕಾಗಿರುವುದು ಗಾಳಿ ಗೇಜ್, ಟ್ರೆಡ್ ಅಳೆಯುವ ಗೇಜ್, ಸೀಮೆಸುಣ್ಣ, ಸಮತಟ್ಟಾದ ಖಾಲಿ ಜಾಗ, ಜೊತೆಗೊಬ್ಬರು.

1. ಮೊದಲು ಗಾಳಿ

ಬೆಳಗ್ಗೆ, ಕಾರು ಓಡಿಸುವ ಮೊದಲು ಗಾಳಿ ನೋಡಿ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಇರಲಿ. ಗಾಳಿ ಕಮ್ಮಿಯಾದ ಟೈರು ಕುಸಿದು ಉರುಳುವ ಅಳತೆಯೂ ಕೊಂಚ ಇಳಿಯುತ್ತದೆ. ಇದನ್ನು ಬಿಟ್ಟು ಮುಂದಿನ ಅಳತೆ ಮಾಡಿದರೆ ಟೈಮ್ ವೇಸ್ಟ್.

2. ಟೈರಿನ ಗೋಡೆ ಓದಿ

ನಾಲ್ಕರಲ್ಲೂ ಸೈಜ್, ಕಂಪನಿ, ಮಾಡೆಲ್ ಬರೆದುಕೊಳ್ಳಿ. 'ಡಾಟ್' ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯೂ ಬೇಕು. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಪೋರ್ಷೆಗಾಗಿಯೇ ಮಾಡಿದ ಟೈರಿನ ಮೇಲೆ 'ಎನ್' ಅಕ್ಷರದ ಗುರುತು ಇರುತ್ತದೆ, ಆಡಿಗೆ 'ಎಒ'. ಅದೇ ಕಂಪನಿ, ಅದೇ ಹೆಸರು ಇದ್ದರೂ ಈ ಗುರುತು ಇರುವುದು ಇಲ್ಲದಿರುವುದು ಬೆರೆಸಬೇಡಿ.

ಮುಂದೆ ಹಿಂದೆ ಬೇರೆ ಸೈಜ್ ಇದೆ ಅಂತ ಗಾಬರಿ ಬೇಡ. ನಮ್ಮ ದೇಶದಲ್ಲೂ 2016ರಲ್ಲಿ ಮಾರಾಟಕ್ಕೆ ಬಂದ ನಿಸಾನ್ ಜಿಟಿ-ಆರ್ ನೋಡಿ. ಮುಂದೆ 255/40 ಆರ್20, ಹಿಂದೆ 285/35 ಆರ್20. ಅಗಲದಲ್ಲಿ ಮೂರು ಸೆಂ.ಮೀ. ವ್ಯತ್ಯಾಸ. ಎತ್ತರ ಲೆಕ್ಕ ಹಾಕಿದರೆ ಮುಂದಿನದು 712 ಮಿ.ಮೀ., ಹಿಂದಿನದು 707.5. ಹೆಚ್ಚುಕಮ್ಮಿ ಒಂದೇ. ಎಂಜಿನಿಯರ್‌ಗಳು ಬೇಕಂತಲೇ ಹಾಗೆ ಜೋಡಿಸಿದ್ದಾರೆ. ಯಾರಾದರೂ 'ಇನ್ನೊಂಚೂರು ಅಗಲ ಇರ್ಲಿ' ಅಂತ ಮುಂದೆ 265/35 ಹಾಕಿಸಿದರೆ ಎತ್ತರ 693.5ಕ್ಕೆ ಇಳಿಯುತ್ತದೆ. ಹೊಸ ಟೈರು, ದುಬಾರಿ ಟೈರು, ಆದರೂ ಹಿಂದಿನ ಟೈರಿಗೆ ಹೋಲಿಸಿದರೆ ಎರಡು ಪರ್ಸೆಂಟ್ ತಪ್ಪು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ರಿಮ್‌ಗೆ ಕೂತರೆ ಸಾಕು ಅವರಿಗೆ.

3. ಟ್ರೆಡ್ ಅಳೆಯಿರಿ

ಪ್ರತಿ ಟೈರಿನಲ್ಲಿ ಒಳಗೆ, ನಡುವೆ, ಹೊರಗೆ ಮೂರು ಕಡೆ. ಸುಬಾರು ಅಮೆರಿಕದಲ್ಲಿ ಹೇಳುವ ಮಿತಿ ಸುತ್ತಳತೆಯಲ್ಲಿ ಕಾಲು ಇಂಚು. ಟ್ರೆಡ್ ಲೆಕ್ಕದಲ್ಲಿ ಅದು ಬರೀ 1 ಮಿ.ಮೀ.! ಪೋರ್ಷೆ ಒಂದೇ ಆಕ್ಸಲ್‌ನ (ಎಡ ಬಲ ಚಕ್ರ ಜೋಡಿಸುವ ಅಚ್ಚು) ಎರಡು ಟೈರುಗಳ ನಡುವೆ ಟ್ರೆಡ್ ಆಳದಲ್ಲಿ 30 ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅನ್ನುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು.

4. ಸೀಮೆಸುಣ್ಣ

ನನಗೆ ಗೇಜ್‌ಗಿಂತ ಇದರ ಮೇಲೆ ನಂಬಿಕೆ. ಗೇಜ್ ಟ್ರೆಡ್ ಮಾತ್ರ ಹೇಳುತ್ತದೆ. ಇದು ಕಾರಿನ ಭಾರ, ಗಾಳಿ, ಟೈರಿನ ಕುಸಿತ ಎಲ್ಲ ಸೇರಿಸಿ ಹೇಳುತ್ತದೆ.

ಕಾರನ್ನು ನೇರ ನಿಲ್ಲಿಸಿ. ನಾಲ್ಕೂ ಟೈರಿನ ಗೋಡೆಯ ಮೇಲೆ, ನೆಲ ಮುಟ್ಟುವ ಜಾಗದಲ್ಲಿ, ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆಯಿರಿ. ಗಡಿಯಾರದ 6 ಗಂಟೆ ಜಾಗ ಅಂದುಕೊಳ್ಳಿ. ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಸ್ಟೀರಿಂಗ್ ನೇರ ಹಿಡಿಯಲಿ, ಒಬ್ಬರು ನಿಧಾನ ತಳ್ಳಿ. ಒಂದು ಟೈರು ಸರಿಯಾಗಿ 10 ಸುತ್ತು ಹಾಕಿ ಗೆರೆ ಮತ್ತೆ ನೆಲ ಮುಟ್ಟಿದಾಗ ನಿಲ್ಲಿಸಿ. ಸುಮಾರು 20 ಮೀಟರ್ ಆಗಿರುತ್ತದೆ. ಈಗ ಉಳಿದ ಗೆರೆಗಳನ್ನು ನೋಡಿ.

ತಮ್ಮ ಹೀಗೆ ಮಾಡಿ ಬಲಗಡೆಯಿಂದ ಫೋಟೊ ಕಳಿಸಿದ. ಹಿಂದಿನ ಹೊಸ ಟೈರಿನ ಗೆರೆ 6ರಲ್ಲಿ. ಮುಂದಿನ ಹಳೆಯ ಟೈರಿನದು 8ರ ಹತ್ತಿರ. ಇಪ್ಪತ್ತೇ ಮೀಟರಿಗೆ ಎರಡು ಗಂಟೆ ವ್ಯತ್ಯಾಸ. ಕಾಲು ಇಂಚಿನ ಮಿತಿಯೊಳಗಿದ್ದರೆ ಅಷ್ಟು ಅಂತರ ಬರಲು 100 ಮೀಟರ್ ಬೇಕು. ಅಂದರೆ ಅವನದು ಮಿತಿಯ ಐದು ಪಟ್ಟು. ಎಡಗಡೆ ನಿಂತು ನೋಡಿದರೆ ಗೆರೆ 4ರ ಕಡೆ ಸರಿಯುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಮಿತಿಯೊಳಗಿದ್ದೀವಾ ಅಂತ ಸೂಕ್ಷ್ಮವಾಗಿ ನೋಡಬೇಕಿದ್ದರೆ 50 ಸುತ್ತು ತಳ್ಳಿ. ಬೆವರು ಬರುತ್ತೆ ಅಷ್ಟೆ.

5. ಓಡಿಸುವಾಗ ಗಮನಿಸಿ

ರಸ್ತೆಯಲ್ಲಿ ಜಾರಿಸಿ ನೋಡುವ ಸಾಹಸ ಬೇಡ. ನಿಧಾನವಾಗಿ ಪೂರ್ತಿ ತಿರುಗಿಸಿದಾಗ ಕಾರು ತಡೆಯುವುದು, ನೇರ ಓಟದಲ್ಲಿ ಗುಂಯ್ ಅನ್ನುವ ಸದ್ದು, ಸುಟ್ಟ ಎಣ್ಣೆ ವಾಸನೆ, ಸುಮ್ನೆ ಹತ್ತುವ ಎಬಿಎಸ್ ಅಥವಾ ಫೋರ್ ವೀಲ್ ಡ್ರೈವ್ ದೀಪ, ಇವೇ ಸುಳಿವು. ಲಿಮಿಟೆಡ್ ಸ್ಲಿಪ್ (ಎಡ ಬಲ ಚಕ್ರಗಳ ವೇಗದ ವ್ಯತ್ಯಾಸಕ್ಕೆ ತಡೆ ಹಾಕುವ ಡಿಫರೆನ್ಷಿಯಲ್) ಇರುವ ಆಕ್ಸಲ್‌ನಲ್ಲಿ ಒಂದು ಟೈರು ದೊಡ್ಡದಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಚಿಕ್ಕ ಟೈರಿನ ಕಡೆ ಎಳೆಯುತ್ತದೆ. ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಇದು ಹೋಗುವುದಿಲ್ಲ.

6. ಈಗೇನು ಮಾಡುವುದು?

ವ್ಯತ್ಯಾಸ ಮಿತಿ ದಾಟಿದ್ದರೆ ಸಾಮಾನ್ಯವಾಗಿ ನಾಲ್ಕೂ ಬದಲಾಯಿಸುವುದೇ ದಾರಿ. ಜೇಬಿಗೆ ನೋವು, ಗೊತ್ತು. ಬೆಂಗಳೂರಿನ ಗುಂಡಿಯಲ್ಲಿ ಒಂದೇ ಟೈರಿನ ಗೋಡೆ ಉಬ್ಬಿ ಹೋದಾಗ ಉಳಿದ ಮೂರು ಚೆನ್ನಾಗಿರುವುದನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಅಮೆರಿಕದಲ್ಲಿ ಹೊಸ ಟೈರಿನ ಟ್ರೆಡ್ ಅನ್ನು ಯಂತ್ರದಲ್ಲಿ ಕೆರೆದು ಹಳೆಯದರ ಅಳತೆಗೆ ತರುವ ಅಂಗಡಿಗಳಿವೆ. ಹತ್ತಿರದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅದೇ ಮಾಡೆಲ್‌ನ, ಅಷ್ಟೇ ಸವೆದ, ವಯಸ್ಸಾಗದ ಒಂದು ಟೈರು ಹುಡುಕಬಹುದು.

ನಾಲ್ಕೂ ಒಂದೇ ಸೈಜ್ ಇದ್ದರೆ ಪುಸ್ತಕದಲ್ಲಿ ಹೇಳಿದಷ್ಟು ಕಿ.ಮೀ.ಗೊಮ್ಮೆ ಮುಂದಿನವು ಹಿಂದೆ, ಹಿಂದಿನವು ಮುಂದೆ ಹಾಕಿಸಿ. ಜಿಟಿ-ಆರ್ ಥರ ಬೇರೆ ಅಗಲ ಇದ್ದರೆ ಅದು ಆಗದು. ಅಲ್ಲಿ ಮೇಲಿಂದ ಮೇಲೆ ಅಳೆಯುವುದೊಂದೇ ಉಪಾಯ.

ಸ್ಟೆಪ್ನಿ ವಿಷಯ ಮರೆಯಬೇಡಿ. ಸಣ್ಣ ಸ್ಟೆಪ್ನಿ ಹಾಕಿಕೊಂಡು ಊರೆಲ್ಲ ಸುತ್ತಬಾರದು. ಹಳೆಯ ಎಷ್ಟೋ ಸುಬಾರು ಆಟೋಮ್ಯಾಟಿಕ್ ಕಾರುಗಳ ಬಾನೆಟ್ ಒಳಗೆ 'ಎಫ್‌ಡಬ್ಲ್ಯುಡಿ' (ಫ್ರಂಟ್ ವೀಲ್ ಡ್ರೈವ್) ಅಂತ ಬರೆದ ಒಂದು ಖಾಲಿ ಫ್ಯೂಸ್ ಜಾಗ ಇರುತ್ತದೆ. ಸ್ಟೆಪ್ನಿ ಹಾಕಿದಾಗ ಅಲ್ಲೊಂದು ಫ್ಯೂಸ್ ಸಿಕ್ಕಿಸಿದರೆ ಹಿಂದಿನ ಚಕ್ರದ ಸಂಪರ್ಕ ತಪ್ಪುತ್ತದೆ. ಕಾರು ಮಾಡಿದವರೇ ಇಷ್ಟು ಹೆದರಿದ್ದಾರೆ ನೋಡಿ.

ತಮ್ಮ ಇನ್ನೂ ಮೂರು ಟೈರು ಕೊಂಡ. ಮತ್ತೆ ಗೆರೆ ಎಳೆದು ತಳ್ಳಿದ. ನಾಲ್ಕೂ 6ರಲ್ಲೇ ನಿಂತವು. ಆದರೆ ಕುಪ್ಪಳಿಸುವುದು ಪೂರ್ತಿ ಹೋಗಲಿಲ್ಲ. ನಾಲ್ಕು ತಿಂಗಳು ಹಾಗೇ ಓಡಿಸಿದ್ದನಲ್ಲ, ಸಿಲಿಕೋನ್ ಡಬ್ಬಿ ಅಷ್ಟರಲ್ಲಿ ಬೆಂದು ಹೋಗಿತ್ತು. ಅದನ್ನು ಬದಲಾಯಿಸಲು ಗೇರ್‌ಬಾಕ್ಸ್ ಬಿಚ್ಚುವ ಕೂಲಿ ಸೇರಿ ಬಂದ ಬಿಲ್ಲು ನಾಲ್ಕು ಟೈರಿಗಿಂತ ಜಾಸ್ತಿ. ಬಿಲ್ಲಿನ ಫೋಟೊ ಕೂಡ ಕಳಿಸಿದ್ದ, ಕೆಳಗೆ ಏನೂ ಬರೆಯದೆ.