ಕತ್ತಲಲ್ಲಿ ಕೆಂಡ: ನಮ್ಮ ಮನೆಯ ಹ್ಯಾಲೋವೀನ್ ಗ್ರಿಲ್

ಮೊದಲ ವರ್ಷ ನಾನು ಸುಟ್ಟ ಚಿಕನ್ ದೆವ್ವ ಭೂತಗಳ ಹಬ್ಬವಾದ ಹ್ಯಾಲೋವೀನ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಹೊರಗೆ ಕರ್ರಗೆ, ಒಳಗೆ ಮೂಳೆ ಹತ್ತಿರ ಇನ್ನೂ ಹಸಿ ಹಸಿ. ಬೇಕಂತ ಮಾಡಿದ್ದಲ್ಲ. ಹಿತ್ತಲ ತುಂಬ ಕಿತ್ತಳೆ ಬಣ್ಣದ ಸೀರಿಯಲ್ ಸೆಟ್ ಕಟ್ಟಿದ್ದೆ. ಆ ಬೆಳಕಿನಲ್ಲಿ ಹಸಿ ಮಾಂಸವೂ ಚೆನ್ನಾಗಿ ಬೆಂದ ಹಾಗೇ ಕಾಣುತ್ತದೆ. ಗೆಳೆಯನೊಬ್ಬ ಒಂದು ಸಲ ಕಚ್ಚಿ, ಮೊಬೈಲ್ ಟಾರ್ಚ್ ಹಾಕಿ ನೋಡಿ, "ಗುರೂ, ನಿನ್ ಕೋಳಿ ಇನ್ನೂ ಕೂಗ್ತಾ ಇದೆ" ಅಂದ. ಎಲ್ಲರ ತಟ್ಟೆಯಿಂದಲೂ ಕಾಲುಗಳನ್ನು ವಾಪಸ್ ತೆಗೆದುಕೊಂಡು ಒಳಗೆ ಓವನ್‌ಗೆ ಹಾಕಿದೆ.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಪಕ್ಕದಲ್ಲಿ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಚಾಕಲೇಟ್ ಕೇಳಲು ಹೋಗುವ ಸಂಜೆಗೆ ಈ ಕಡೆ ಬೆಗ್ಗರ್ಸ್ ನೈಟ್ ಅನ್ನುತ್ತಾರೆ. 6ರಿಂದ 8ರ ತನಕ ಅವರ ತಿರುಗಾಟ. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಅಂದರೆ ಎಲ್ಲರೂ ಹಸಿದುಕೊಂಡು ನಮ್ಮ ಹಿತ್ತಲಿಗೆ ಬರುವ ಹೊತ್ತಿಗೆ ಗವ್ವೆನ್ನುವ ಕತ್ತಲು, ಮೇಲೆ ಚಳಿ. ಬೇಸಿಗೆಯಲ್ಲಿ ಗ್ರಿಲ್ ಮಾಡಿ ಕಲಿತ ಕೈ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಅದಕ್ಕೇ ಈಗ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಕೋಳಿಗೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಮುಟ್ಟಲೇಬೇಕು. ಕಾಲಿನ ತುಂಡಾದರೆ 180ರ ತನಕ ಬಿಡುತ್ತೇನೆ, ಆಗಲೇ ಮಾಂಸ ಮೂಳೆ ಬಿಟ್ಟು ಬರೋದು. ಚುಚ್ಚುವಾಗ ಮೂಳೆಗೆ ತಾಗಿಸಬಾರದು, ತಪ್ಪು ಲೆಕ್ಕ ತೋರಿಸುತ್ತದೆ. ಹಣೆಗೆ ಕಟ್ಟುವ ಬಿಳಿ ದೀಪವೂ ಒಂದಿದೆ. ನಾನು ಪ್ರತಿ ವರ್ಷ ಗಣಿ ಕಾರ್ಮಿಕನ ವೇಷವನ್ನೇ ಹಾಕುವುದು ಏಕೆ ಅಂತ ಈಗ ಗೊತ್ತಾಯಿತಲ್ವಾ.

ನನ್ನದು 22 ಇಂಚಿನ ಇದ್ದಿಲಿನ ಗ್ರಿಲ್. ಚಿಮಣಿ ಅಂತ ಇದ್ದಿಲು ಹೊತ್ತಿಸುವ ತಗಡಿನ ಡಬ್ಬಿ ಇರುತ್ತದೆ; ಅದರ ತುಂಬ ಇದ್ದಿಲು ಹಾಕಿ, ಅಡಿಯಲ್ಲಿ ಕಾಗದ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಮೇಲೆ ಬೂದಿ ಕಟ್ಟಿದ ಕೆಂಡ ಸಿಗುತ್ತದೆ. ಅದನ್ನು ಪೂರ್ತಿ ಹರಡುವುದಿಲ್ಲ. ಒಂದು ಕಡೆಗೇ ಸರಿಸುತ್ತೇನೆ. ಕೆಂಡದ ಮೇಲೆ ಸುಡುವುದು, ಕೆಂಡವಿಲ್ಲದ ಕಡೆ ಮುಚ್ಚಳ ಮುಚ್ಚಿ ಬೇಯಿಸುವುದು. ಹ್ಯಾಲೋವೀನ್ ಅಡುಗೆಗೆ ಇದು ಬಹಳ ಮುಖ್ಯ. ಮುಖ, ಕಣ್ಣು, ಬ್ಯಾಂಡೇಜು ಅಂತ ಏನೇ ಮಾಡಿದರೂ ನೇರ ಬೆಂಕಿಗೆ ಇಟ್ಟರೆ ಐದು ನಿಮಿಷದಲ್ಲಿ ಗುರುತೇ ಸಿಗುವುದಿಲ್ಲ. ಚಳಿಗಾಳಿ ಬೇರೆ. ಮುಚ್ಚಳ ತೆಗೆದಾಗಲೆಲ್ಲ ಶಾಖ ಹಾರಿಹೋಗುತ್ತದೆ. ಸುಮ್ನೆ ತೆಗೆದು ತೆಗೆದು ನೋಡುವ ಚಟ ಬಿಡಬೇಕು.

ಸಸ್ಯಾಹಾರಿಗಳಿಗೆ ಕಿತ್ತಳೆ ಬಣ್ಣದ ದೊಣ್ಣೆ ಮೆಣಸಿನಕಾಯಿ. ತೊಟ್ಟಿನ ಕಡೆ ಟೋಪಿ ಹಾಗೆ ಕತ್ತರಿಸಿ, ಬೀಜ ತೆಗೆದು, ಸಣ್ಣ ಚಾಕುವಿನಲ್ಲಿ ಕಣ್ಣು ಬಾಯಿ ಕೊರೆದರೆ ಪುಟ್ಟ ಕುಂಬಳದ ಮುಖ. ಒಳಗೆ ಪುದೀನ ರೈಸ್. ಒಂದು ವರ್ಷ ಬಾಯಿ ದೊಡ್ಡದಾಗಿ ಕೊರೆದೆ. ಮುಖಗಳೆಲ್ಲ ಅನ್ನ ಕಕ್ಕುತ್ತಾ ಕೂತಿದ್ದವು. ಮಕ್ಕಳಿಗೆ ಅದೇ ಇಷ್ಟವಾಯಿತು, ನನ್ನ ಹೆಂಡತಿಗೆ ಆಗಲಿಲ್ಲ. ಈಗ ಸಣ್ಣ ತೂತು ಕೊರೆದು, ಕೆಂಡವಿಲ್ಲದ ಕಡೆ ಇಪ್ಪತ್ತು ನಿಮಿಷ. ಜಾಸ್ತಿ ಇಟ್ಟರೆ ಮುಖ ಕುಸಿದು ಅಜ್ಜನ ಮುಖವಾಗುತ್ತದೆ.

ಸಾಸೇಜಿಗೆ ಹಿಟ್ಟಿನ ಪಟ್ಟಿ ಸುತ್ತಿ, ಬ್ಯಾಂಡೇಜು ಸುತ್ತಿದ ಈಜಿಪ್ಟಿನ ಹೆಣದ ಹಾಗೆ ಮಮ್ಮಿ ಮಾಡುವುದು ಇಲ್ಲಿ ಎಲ್ಲರ ಮನೆಯಲ್ಲೂ ಇದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋಳದ ತೆನೆಗೂ ಏನೂ ವೇಷ ಬೇಡ. ಕೆಂಡದ ಮೇಲೆ ಸುಟ್ಟು ನಿಂಬೆಹಣ್ಣು, ಉಪ್ಪು, ಖಾರದಪುಡಿ ಉಜ್ಜಿದರೆ ಮುಗಿಯಿತು.

ಚಿಕನ್‌ಗೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ರುಬ್ಬಿದ ಹಸಿರು ಮಸಾಲೆ. ಹಿಂದಿನ ರಾತ್ರಿಯೇ ಹಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಕೆಂಡದ ಮೇಲೆ ಹಸಿರು ಅಲ್ಲಲ್ಲಿ ಕಪ್ಪಾದಾಗ ಕೆರೆಯ ಪಾಚಿಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಅಂಗಡಿಯಿಂದ ಬಣ್ಣದ ಬಾಟಲಿ ತಂದು ಸುರಿಯುವವರನ್ನು ನೋಡಿದ್ದೇನೆ. ಕೆಂಡವೇ ಪುಕ್ಕಟೆ ಕಪ್ಪು ಬಳಿಯುವಾಗ ಅದೆಲ್ಲ ಯಾಕೆ?

ಇನ್ನು ಬದನೆಕಾಯಿ. ನಮ್ಮ ಪಾರ್ಟಿಯ ನಿಜವಾದ ಭೂತ ಇದೇ. ಏಷ್ಯನ್ ಅಂಗಡಿಯಲ್ಲಿ ಸಿಗುವ ಉದ್ದ ಬದನೆಕಾಯಿ ಐದು. ಮೊದಲು ಚಾಕುವಿನಿಂದ ಅಲ್ಲಲ್ಲಿ ಚುಚ್ಚಬೇಕು, ಇಲ್ಲದಿದ್ದರೆ ಟಪ್ ಅಂತ ಸಿಡಿಯುತ್ತದೆ. ಅದೂ ಆಗಿದೆ. ಕೆಂಡದ ಮೇಲೇ ಇಟ್ಟು, ತಿರುಗಿಸುತ್ತಾ, ಸಿಪ್ಪೆ ಪೂರ್ತಿ ಸುಟ್ಟು ಸುಕ್ಕಾಗುವ ತನಕ ಬಿಡುತ್ತೇನೆ. ಹದಿನೈದು ನಿಮಿಷ ಸಾಕು. ದೊಡ್ಡ ತಟ್ಟೆಯಲ್ಲಿ ಐದನ್ನೂ ಬೆರಳುಗಳ ಹಾಗೆ ಜೋಡಿಸಿ, ತುದಿಗೆ ಒಂದೊಂದು ಸುಲಿದ ಬಾದಾಮಿ ಉಗುರು ಸಿಕ್ಕಿಸಿದರೆ ಮಾಟಗಾತಿಯ ಸುಟ್ಟ ಕೈ. ಪಕ್ಕದ ಮನೆಯ ಹುಡುಗ ಮೊದಲ ಸಲ ನೋಡಿದಾಗ ಎರಡು ಹೆಜ್ಜೆ ಹಿಂದೆ ಹೋದ.

ಆಮೇಲೆ ಎಲ್ಲರ ಎದುರೇ ಸಿಪ್ಪೆ ಸುಲಿಯುತ್ತೇನೆ. ಹಾಸನದ ಮನೆಯಲ್ಲಿ ಅಮ್ಮ ಸೌದೆ ಒಲೆಯ ಕೆಂಡಕ್ಕೆ ಬದನೆಕಾಯಿ ತಳ್ಳಿ ಮಾಡುತ್ತಿದ್ದ ಅದೇ ಸುಟ್ಟ ಬದನೆಕಾಯಿ ಗೊಜ್ಜು ಇದು. ಹುಣಸೆರಸ, ಚೂರು ಬೆಲ್ಲ, ಹಸಿಮೆಣಸಿನಕಾಯಿ, ಹಸಿ ಈರುಳ್ಳಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಗ್ಯಾಸ್ ಒಲೆಯಲ್ಲಿ ಸುಟ್ಟರೆ ಆ ಹೊಗೆಯ ವಾಸನೆ ಬರುವುದಿಲ್ಲ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತಟ್ಟೆ ತೋರಿಸಿದೆ. "ಥೂ, ತಿನ್ನೋ ಪದಾರ್ಥಕ್ಕೆ ಉಗುರು ಯಾಕೋ ಇಟ್ಟೆ?" ಅಂದರು.

ಕುಂಬಳದಲ್ಲಿ ಮಾತ್ರ ಸೋತಿದ್ದೇನೆ. ಐರ್ಲೆಂಡಿನಲ್ಲಿ ಹ್ಯಾಲೋವೀನ್‌ಗೆ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರಂತೆ, ಅಲ್ಲಿನವರು ವಲಸೆ ಬಂದ ಮೇಲೆ ಅಮೆರಿಕದಲ್ಲಿ ಸುಲಭವಾಗಿ ಸಿಗುವ ಕುಂಬಳ ಹಿಡಿದರು. ಮುಖ ಕೊರೆಯಲು ಮಾರುವ ದೊಡ್ಡ ಕುಂಬಳದಲ್ಲಿ ನೀರು, ನಾರು ಬಿಟ್ಟರೆ ರುಚಿಯಿಲ್ಲ. ಕೊರೆದು ಉಳಿದಿದ್ದನ್ನು ಪಲ್ಯ ಮಾಡಿ ಒಂದು ಬಾಣಲೆ ಪೂರ್ತಿ ಚೆಲ್ಲಿದ್ದೇನೆ. ತಿನ್ನುವುದಕ್ಕೆ ಸಣ್ಣ ಶುಗರ್ ಪಂಪ್‌ಕಿನ್ ತರಬೇಕು. ದೊಡ್ಡದರಲ್ಲಿ ಬೀಜ ಮಾತ್ರ ಬಂಗಾರ. ತೊಳೆದು, ಒಣಗಿಸಿ, ಉಪ್ಪು ಖಾರ ಹಾಕಿ ಹುರಿದರೆ ಕ್ಷಣದಲ್ಲಿ ಖಾಲಿ.

ಮುಂಬಾಗಿಲಿಗೆ ನನ್ನ ಮಗಳು "ನಾಳೆ ಬಾ" ಅಂತ ಕನ್ನಡದಲ್ಲಿ ಬರೆಯುತ್ತಾಳೆ. 90ರ ದಶಕದಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಇದ್ದ ಬರಹ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು ಅಂತ. ಆಗ ನನಗೆ ನಿಜವಾಗಿಯೂ ನಿದ್ದೆ ಬರುತ್ತಿರಲಿಲ್ಲ. ಇಲ್ಲಿನ ಮಕ್ಕಳು ಮಾತ್ರ ಅದರ ಕೆಳಗೇ ನಿಂತು ಚಾಕಲೇಟ್ ಕೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಈ ವೇಷಗಳ ತೆಳು ಬಟ್ಟೆಗೆ, ಜೋಲುವ ತೋಳಿಗೆ ಬೆಂಕಿ ಬೇಗ ಹಿಡಿಯುತ್ತದೆ. ಗ್ರಿಲ್ ಸುತ್ತ ಸೀಮೆಸುಣ್ಣದಲ್ಲಿ ದೊಡ್ಡ ಗೆರೆ ಎಳೆದಿದ್ದೇನೆ, ಮಕ್ಕಳು ದಾಟುವ ಹಾಗಿಲ್ಲ. ಇನ್ನು ಬೂದಿ. ಎರಡನೇ ವರ್ಷ ರಾತ್ರಿ ಆರಿದೆ ಅಂದುಕೊಂಡು ಬೇಲಿ ಪಕ್ಕ ಸುರಿದೆ. ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯಿಂದ ನೋಡಿದರೆ ಮೇಪಲ್ ಎಲೆಗಳ ರಾಶಿಯಿಂದ ಹೊಗೆ ಏಳುತ್ತಿತ್ತು. ಬರಿಗಾಲಲ್ಲೇ ಓಡಿದೆ. ಈಗ ಮುಚ್ಚಳವಿರುವ ಕಬ್ಬಿಣದ ಬಕೆಟ್ ಇದೆ. ಬೂದಿ ಅದರಲ್ಲೇ ಎರಡು ದಿನ ಕೂತು, ಆಮೇಲೆ ಕಸಕ್ಕೆ ಹೋಗುತ್ತದೆ.